ಇಳಿಯುವದಕ್ಕೆ ಮುಂಚೆ ನೋಡತಕ್ಕದ್ದು

ವಿಮಾನ ನಡಿಸುವ ವಿದ್ಯೆಯನ್ನು ಹೊಸದಾಗಿ ಕಲಿಯುವವರಿಗೆ ಅವರ ಶಿಕ್ಷಕರು ಏನನ್ನು ಕಲಿಸುತ್ತಾರೆ, ಅದನ್ನು ಯಾಕೆ ಅಷ್ಟು ಕಟ್ಟುನಿಟ್ಟಾಗಿ ಕಲಿಸುತ್ತಾರೆ ಎಂಬದನ್ನು ಈ ತಿಂಗಳಲ್ಲಿ ನಿಮ್ಮ ಸಂಗಡ ಆಲೋಚಿಸಬೇಕೆಂದಿದ್ದೇವೆ. ಹೊಲದಲ್ಲಿ ದುಡಿಯುವ ನಮಗೂ ಆಕಾಶದ ಈ ಮಾತಿಗೂ ಏನು ಸಂಬಂಧವೆಂದು ಯಾರೂ ಪತ್ರಿಕೆಯನ್ನು ಮಡಚಿಡಬಾರದು. ನಮ್ಮ ಹಳ್ಳಿಗಳಿಂದ ಕೊಲ್ಲಿಯ ದೇಶಗಳಿಗೆ ಕೆಲಸಕ್ಕೆ ಹೋದ ಮಕ್ಕಳು ವಿಮಾನದಲ್ಲಿಯೇ ಮನೆಗೆ ಬರುತ್ತಾರೆ. ಬೆಂಗಳೂರಿನ ಹತ್ತಿರ ಜಕ್ಕೂರಿನಲ್ಲಿ ಸರಕಾರವು ಸ್ಥಾಪಿಸಿದ ಶಾಲೆಯಲ್ಲಿ ಕನ್ನಡ ನಾಡಿನ ಯೌವನಸ್ಥರು ಈ ವಿದ್ಯೆಯನ್ನು ಕಲಿತು ಹೋಗಿದ್ದಾರೆ. ಮಿಶನಿನ ಕೆಲಸಕ್ಕೂ ಇದು ಹೊರಗಿನದಲ್ಲ. ಯುದ್ಧದಲ್ಲಿ ವಿಮಾನ ನಡಿಸಿದ ಕೆಲವರು ದಾರಿಯಿಲ್ಲದ ಕಾಡುಮಲೆಗಳಲ್ಲಿರುವ ಸೇವಕರಿಗೆ ಸಹಾಯವಾಗುವದಕ್ಕೆ ಅಮೆರಿಕದಲ್ಲಿ 1945ರಲ್ಲಿ ಒಂದು ಸಂಘವನ್ನು ಕಟ್ಟಿದರು. 1946ರಲ್ಲಿ ಆ ಸಂಘದ ಮೊದಲನೆಯ ವಿಮಾನವನ್ನು ಮೆಕ್ಸಿಕೋ ದೇಶಕ್ಕೆ ನಡಿಸಿಕೊಂಡು ಹೋದವಳು ಬೆಟ್ಟಿ ಗ್ರೀನ್ ಎಂಬ ಸ್ತ್ರೀ.

ಕಲಿಯುವವರ ವಿಮಾನವು ಬಹಳ ಚಿಕ್ಕದು. ಒಂದೇ ಯಂತ್ರ, ಪಕ್ಕಪಕ್ಕದಲ್ಲಿ ಎರಡು ಆಸನ, ಎರಡು ಕಡೆಯಲ್ಲಿಯೂ ಒಂದೇ ತರದ ಹಿಡಿಗಳು. ಶಿಕ್ಷಕನು ಒಂದು ಕಡೆ, ಶಿಷ್ಯನು ಇನ್ನೊಂದು ಕಡೆ ಕೂತುಕೊಳ್ಳುತ್ತಾರೆ. ಅವರು ಊರಿಂದೂರಿಗೆ ಹೋಗುವದಿಲ್ಲ. ಕಣದಲ್ಲಿ ಮೇಟಿಯ ಸುತ್ತಲೂ ಎತ್ತು ತಿರುಗುವ ಹಾಗೆ ಓಡುದಾರಿಯ ಸುತ್ತಲೂ ಮತ್ತೆ ಮತ್ತೆ ತಿರುಗುತ್ತಾರೆ. ಈ ಸುತ್ತಿಗೆ ಸರ್ಕಿಟ್ ಎಂದು ಹೆಸರು. ಗಾಳಿಗೆ ಎದುರಾಗಿ ಏರಿ, ಸಾಧಾರಣವಾಗಿ ಎಡಕ್ಕೆ ತಿರುಗಿ, ನೆಲದಿಂದ 1000 ಅಡಿ ಎತ್ತರದಲ್ಲಿ ಸಮವಾಗಿ ನಿಂತು, ಓಡುದಾರಿಯನ್ನು ಎಡಗಡೆಯಲ್ಲಿ ಇಟ್ಟುಕೊಂಡು ಅದಕ್ಕೆ ಸರಿಸಮನಾಗಿ ಹಿಂದಕ್ಕೆ ಬರುತ್ತಾರೆ. ಆಗ ಗಾಳಿಯು ಬೆನ್ನಿಗಿರುವದರಿಂದ ಈ ಭಾಗವನ್ನು ಡೌನ್‌ವಿಂಡ್ ಅನ್ನುತ್ತಾರೆ. ಬಳಿಕ ಎರಡು ಸಾರಿ ಎಡಕ್ಕೆ ತಿರುಗಿದರೆ ಓಡುದಾರಿಯು ಎದುರಿಗೆ ಬರುವದು. ಕಡೆಯ ಆ ನೇರವಾದ ದಾರಿಗೆ ಫೈನಲ್ ಎಂದು ಹೆಸರು. ಇಳಿಯುವದಕ್ಕೆ ಮುಂಚೆ ಮಾಡತಕ್ಕ ಪರೀಕ್ಷೆಗಳೆಲ್ಲವೂ ಡೌನ್‌ವಿಂಡಿನಲ್ಲಿಯೇ ಮುಗಿಯಬೇಕು. ಅಲ್ಲಿ ವಿಮಾನವು ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ; ಕೈಯೂ ಮನಸ್ಸೂ ಸ್ವಲ್ಪ ಬಿಡುವಾಗಿರುತ್ತವೆ. ಫೈನಲಿಗೆ ಬಂದ ಮೇಲೆ ಬಿಡುವೆಂಬದೇ ಇಲ್ಲ.

ಭಾರ ಹೇರಿಕೊಂಡು ಘಟ್ಟ ಇಳಿಯುವ ಗಾಡಿಯವನನ್ನು ನೀವು ನೋಡಿದ್ದೀರಿ. ಬುದ್ಧಿವಂತನಾದವನು ಇಳಿಜಾರು ಆರಂಭವಾಗುವದಕ್ಕೆ ಮುಂಚೆಯೇ ಮೇಲುಗಡೆಯ ಸಮನೆಲದಲ್ಲಿ ಎತ್ತುಗಳನ್ನು ನಿಲ್ಲಿಸಿ, ಕಡಾಣಿ ಇದೆಯೋ ಎಂದು ಕೈಯಿಂದ ಮುಟ್ಟಿ, ನೊಗದ ಹಗ್ಗವನ್ನು ಎಳೆದು ನೋಡಿ, ಚಕ್ರವನ್ನು ತಡೆಯುವ ಮರದ ತುಂಡನ್ನು ಸರಿಮಾಡಿಕೊಂಡು, ಆ ಮೇಲೆ ಎತ್ತುಗಳನ್ನು ಬಿಡುತ್ತಾನೆ. ಅರ್ಧ ಘಟ್ಟದಲ್ಲಿ ಕಡಾಣಿಯನ್ನು ಹುಡುಕುವವನ ಎತ್ತುಗಳ ಗತಿ ಏನಾಗುವದೆಂದು ನಿಮಗೆ ನಾವು ಹೇಳಬೇಕಾದದ್ದಿಲ್ಲ.

ಇಂಥ ಪರೀಕ್ಷೆಗಳನ್ನು ಪಟ್ಟಿಯಾಗಿ ಬರೆದು ಇಟ್ಟುಕೊಳ್ಳುವ ವಾಡಿಕೆಯು ಒಂದು ಮರಣದಿಂದ ಬಲವಾಯಿತು. 1935ನೇ ಇಸವಿ ಅಕ್ಟೋಬರ್ 30ರಂದು ಅಮೆರಿಕದ ಒಹಾಯೋ ಸೀಮೆಯ ರೈಟ್ ಫೀಲ್ಡ್ ಎಂಬ ಮೈದಾನದಲ್ಲಿ ಬೋಯಿಂಗ್ ಕಂಪೆನಿಯ 299 ಎಂಬ ಹೊಸ ವಿಮಾನವು ನೆಲಬಿಟ್ಟು ಏರಿತು. ನಾಲ್ಕು ಯಂತ್ರಗಳುಳ್ಳ ಮಹಾ ವಿಮಾನವದು. ನಡಿಸಿದವನು ಮೇಜರ್ ಪ್ಲಾಯರ್ ಹಿಲ್. ಹೊಸಬನಲ್ಲ, ಸೈನ್ಯದಲ್ಲಿ ಪಳಗಿದ ಪರೀಕ್ಷಕ. ನಿಂತಿರುವ ವಿಮಾನದ ಬಾಲದ ಹಲಗೆಗಳು ಗಾಳಿಗೆ ಬಡಿದಾಡದ ಹಾಗೆ ಅವುಗಳನ್ನು ಬಿಗಿಯುವ ಒಂದು ಬೀಗವುಂಟು. ಹಾರುವದಕ್ಕೆ ಮುಂಚೆ ಅದನ್ನು ಬಿಡಿಸಬೇಕು. ಆ ದಿವಸ ಯಾರೂ ಬಿಡಿಸಲಿಲ್ಲ. ವಿಮಾನವು ಮೂಗನ್ನೆತ್ತಿ ಕಡಿದಾಗಿ ಏರಿ, ಬಲವನ್ನು ಕಳಕೊಂಡು ನೆಲಕ್ಕೆ ಬಿದ್ದು ಉರಿದು ಹೋಯಿತು. ಹಿಲ್ ಸತ್ತನು, ಕಂಪೆನಿಯ ವೈಮಾನಿಕನಾದ ಲೆಸ್ಲಿ ಟವರ್ ಎಂಬವನೂ ಸುಟ್ಟ ಗಾಯಗಳಿಂದ ಬಳಿಕ ಸತ್ತನು. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಇಂಥ ವಿಮಾನವನ್ನು ನಡಿಸುವವರಿಗೆ ಇನ್ನೂ ಹೆಚ್ಚಿನ ಜಾಣತನ ಬೇಕೆಂದು ಅವರು ತೀರ್ಮಾನಿಸಬಹುದಾಗಿತ್ತು. ಹಾಗೆ ಮಾಡದೆ, ಎಂಥ ಜಾಣನಾದರೂ ಮರೆಯುವನೆಂದು ಒಪ್ಪಿಕೊಂಡು ಒಂದೊಂದು ಕೆಲಸಕ್ಕೂ ಮುಂಚೆ ನೋಡತಕ್ಕವುಗಳನ್ನು ಪಟ್ಟಿಮಾಡಿ ವೈಮಾನಿಕರ ಕೈಗೆ ಕೊಟ್ಟರು. ಆ ವಿಮಾನವೇ ಮುಂದೆ ಬಿ-17 ಎಂಬ ಹೆಸರಿನಿಂದ ಸಾವಿರಾರು ಸಂಖ್ಯೆಯಲ್ಲಿ ಹಾರಿತು.

ಇಳಿಯುವದಕ್ಕೆ ಮುಂಚಿನ ಪರೀಕ್ಷೆಯನ್ನು ಶಿಷ್ಯರು ನೆನಪಿನಲ್ಲಿಡುವದಕ್ಕೆ ಇಂಗ್ಲಿಷ್ ಅಕ್ಷರಗಳಿಂದ ಒಂದು ಮಾತನ್ನು ಕಟ್ಟಿದ್ದಾರೆ. ಬ್ರಿಟಿಷರ ಪದ್ಧತಿಯಲ್ಲಿ ಅದು ಬಂಫ್, ಅಮೆರಿಕದವರಲ್ಲಿ ಗಂಪ್ಸ್. ಎರಡಕ್ಕೂ ಅರ್ಥವೇನೂ ಇಲ್ಲ. ಒಂದೊಂದು ಅಕ್ಷರವೂ ಒಂದೊಂದು ವಸ್ತುವನ್ನು ತೋರಿಸುವ ಕೈಮರದಂತಿದೆ. ಬಂಫಿನ ಕ್ರಮದಿಂದಲೇ ನೋಡೋಣ.

ಮೊದಲು ಬ್ರೇಕು. ನಿಲ್ಲಿಸಿದಾಗ ಹಾಕುವ ಬ್ರೇಕು ಬಿಟ್ಟಿದೆಯೋ, ಕಾಲಿನಿಂದ ಒತ್ತಿದರೆ ಗಟ್ಟಿತನ ಸಿಕ್ಕುವದೋ ಎಂದು ನೋಡುವರು. ಚಕ್ರವು ಕಚ್ಚಿಕೊಂಡಿರುವಾಗಲೇ ನೆಲ ಮುಟ್ಟಿದರೆ ಟೈರು ಒಡೆಯುವದು, ವಿಮಾನ ಮಗುಚಲೂಬಹುದು. ಎರಡನೆಯದು ಚಕ್ರಗಳು, ಇವುಗಳ ಮಾತನ್ನು ಮುಂದೆ ವಿಸ್ತಾರವಾಗಿ ಹೇಳುವೆವು. ಮೂರನೆಯದು ಮಿಕ್ಸ್ಚರ್, ಅಂದರೆ ಗಾಳಿಗೂ ಪೆಟ್ರೋಲಿಗೂ ಇರತಕ್ಕ ಪ್ರಮಾಣ. ಎತ್ತರದಲ್ಲಿ ಗಾಳಿ ತೆಳುವಾದ್ದರಿಂದ ಪೆಟ್ರೋಲನ್ನೂ ಕಡಿಮೆ ಮಾಡಿರುತ್ತಾರೆ. ಇಳಿಯುವಾಗ ಅದನ್ನು ತಿರುಗಿ ತುಂಬಾ ಬಿಡಬೇಕು. ಇಲ್ಲದಿದ್ದರೆ ಇಳಿಯದೆ ಮತ್ತೆ ಏರಬೇಕಾದ ಸಮಯದಲ್ಲಿ ಯಂತ್ರವು ತಡವರಿಸುವದು. ಪ್ರೊಪೆಲರಿನ ಕೋನವನ್ನು ಬದಲಿಸುವ ಹಿಡಿಯು ದೊಡ್ಡ ವಿಮಾನಗಳಲ್ಲಿ ಮಾತ್ರ ಇರುವದರಿಂದ ಅದನ್ನು ಬಿಡೋಣ. ಆ ಮೇಲೆ ಪೆಟ್ರೋಲು: ಎರಡು ರೆಕ್ಕೆಗಳಲ್ಲಿಯೂ ಒಂದೊಂದು ತೊಟ್ಟಿ ಇರುವದರಿಂದ, ಎಷ್ಟಿದೆ ಎಂದು ಮಾತ್ರವಲ್ಲ, ಯಾವ ತೊಟ್ಟಿಯಿಂದ ಬರುತ್ತಿದೆ ಎಂದೂ ನೋಡಬೇಕು. ಒಂದು ತೊಟ್ಟಿ ತುಂಬಿರುವಾಗಲೇ ಇನ್ನೊಂದು ಬರಿದಾಗಿ ಯಂತ್ರ ನಿಂತು ಬಿದ್ದ ವಿಮಾನಗಳುಂಟು. ಉಗ್ರಾಣದಲ್ಲಿ ಭತ್ತವಿದ್ದೂ ಮನೆಯವರು ಹಸಿದು ಮಲಗಿದಂತೆ ಇದು. ಕಡೆಗೆ ರೆಕ್ಕೆಯ ಹಿಂಬದಿಯಿಂದ ಕೆಳಗೆ ಬಾಗುವ ಫ್ಲಾಪುಗಳು, ಸೊಂಟದ ಪಟ್ಟಿ, ಬಾಗಿಲ ಅಗಳಿ.

ಇವುಗಳ ಸಂಗಡ ಕಾರ್ಬುರೇಟರಿನ ಬಿಸಿಗಾಳಿ ಎಂಬದೊಂದುಂಟು. ಇದರಲ್ಲಿ ಕಲಿಯತಕ್ಕದ್ದು ಬಹಳ ಇರುವದರಿಂದ ಸ್ವಲ್ಪ ನಿಲ್ಲೋಣ. ಪೆಟ್ರೋಲು ಆವಿಯಾಗಿ ಗಾಳಿಯಲ್ಲಿ ಬೆರೆಯುವ ಇಕ್ಕಟ್ಟಾದ ಗಂಟಲಿಗೆ ಕಾರ್ಬುರೇಟರ್ ಎಂದು ಹೆಸರು. ಮಣ್ಣಿನ ಹೂಜಿಯಲ್ಲಿಟ್ಟ ನೀರು ಬೇಸಿಗೆಯಲ್ಲಿಯೂ ಯಾಕೆ ತಣ್ಣಗಿರುತ್ತದೆ? ಹೂಜಿಯ ಮೈಯಿಂದ ಒಸರುವ ನೀರು ಆವಿಯಾಗುವಾಗ ಉಷ್ಣವನ್ನು ತೆಗೆದುಕೊಂಡು ಹೋಗುತ್ತದೆ. ಅದೇ ಪ್ರಕಾರ ಪೆಟ್ರೋಲು ಆವಿಯಾಗುವಾಗ ಆ ಗಂಟಲು ತಣಿಯುತ್ತದೆ. ಅದೂ 30 ಡಿಗ್ರಿಗೂ ಮಿಕ್ಕಿ ತಣಿಯಬಲ್ಲದು. ಆದ್ದರಿಂದ ಹೊರಗೆ ಹಿಮವಿಲ್ಲ, ಮಳೆಯಿಲ್ಲ, ಬೆಚ್ಚಗಿನ ದಿನ. ಆದರೂ ಗಾಳಿಯಲ್ಲಿ ತೇವವಿದ್ದರೆ ಒಳಗೆ ಮಂಜುಗಡ್ಡೆ ಕಟ್ಟಿ ಯಂತ್ರದ ಉಸಿರು ನಿಲ್ಲುವದು. ವಿಶೇಷವಾಗಿ ಇಳಿಯುವಾಗ ಯಂತ್ರದ ವೇಗವನ್ನು ತಗ್ಗಿಸುತ್ತಾರಲ್ಲಾ, ಆಗಲೇ ಇದು ಹೆಚ್ಚು. ಇಳಿಯುವ ತನಕ ಯಾರಿಗೂ ತಿಳಿಯದು, ಯಾಕಂದರೆ ಯಂತ್ರದಿಂದ ಬಲವನ್ನು ಆಗ ಯಾರೂ ಕೇಳುವದಿಲ್ಲ. ಕೇಳಿದಾಗ ಅದು ಕೊಡುವದಿಲ್ಲ. ಇದಕ್ಕಾಗಿ ಶಿಷ್ಯನು ವೇಗ ತಗ್ಗಿಸುವದಕ್ಕೆ ಮುಂಚೆಯೇ ಬಿಸಿಗಾಳಿಯ ಹಿಡಿಯನ್ನು ಎಳೆದು, ಸುತ್ತುಗಳನ್ನು ತೋರಿಸುವ ಮುಳ್ಳನ್ನು ನೋಡುತ್ತಿರಬೇಕು. ಮುಳ್ಳು ಸ್ವಲ್ಪ ಇಳಿದು ಅಲ್ಲಿಯೇ ನಿಂತರೆ ಮಂಜು ಇರಲಿಲ್ಲ. ಇಳಿದು ಮತ್ತೆ ಏರಿದರೆ, ಇದ್ದ ಮಂಜು ಕರಗಿತು. ಹಿಡಿಯನ್ನು ಎಳೆದು ಮುಳ್ಳನ್ನು ನೋಡದೆ ಇದ್ದವನು ಕೈಗೆ ಕೆಲಸ ಕೊಟ್ಟನೇ ಹೊರತು ಪರೀಕ್ಷೆ ಮಾಡಲಿಲ್ಲ.

ಈಗ ಚಕ್ರಗಳ ಮಾತು. ದೊಡ್ಡ ವಿಮಾನಗಳು ಹಾರುವಾಗ ಪಕ್ಷಿಗಳು ಕಾಲನ್ನು ಮಡಚುವಂತೆ ಚಕ್ರಗಳನ್ನು ಹೊಟ್ಟೆಯೊಳಗೆ ಮಡಚಿಕೊಳ್ಳುತ್ತವೆ. ಇಳಿಯುವಾಗ ಅವುಗಳನ್ನು ಹೊರಗೆ ಬಿಡಬೇಕು; ಸರಿಯಾಗಿ ಬಿಗಿದುಕೊಂಡವೆಂದು ತೋರಿಸುವದಕ್ಕೆ ಸಾಧಾರಣವಾಗಿ ಮೂರು ಹಸುರು ದೀಪಗಳು ಹತ್ತುತ್ತವೆ. ಆದರೆ ಕಲಿಯುವವರ ಚಿಕ್ಕ ವಿಮಾನದ ಚಕ್ರಗಳು ಕೆಳಗೇ ಗಟ್ಟಿಯಾಗಿ ನಿಂತಿರುತ್ತವೆ. ಮಡಚುವ ಹಿಡಿಯೇ ಇಲ್ಲ. ಬೆಂಗಳೂರಿನ ಹಿಂದುಸ್ತಾನ್ ಕಾರ್ಖಾನೆಯಲ್ಲಿ ತಯಾರಾಗಿ 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ಎಂಬ ಶಿಕ್ಷಣದ ವಿಮಾನವೂ ಇಂಥದೇ. ಹೀಗಿದ್ದರೂ ಡೌನ್‌ವಿಂಡಿನಲ್ಲಿ ಪ್ರತಿಯೊಂದು ಸಾರಿಯೂ "ಚಕ್ರ ಕೆಳಗಿದೆ" ಎಂದು ಬಾಯಿಬಿಟ್ಟು ಹೇಳಬೇಕೆಂದು ಒಳ್ಳೇ ಶಿಕ್ಷಕರು ಶಿಷ್ಯನಿಗೆ ವಿಧಿಸುತ್ತಾರೆ. ಶಿಷ್ಯನು ನಗುತ್ತಾನೆ. ಇಲ್ಲದ ಹಿಡಿಯನ್ನು ಯಾಕೆ ಪರೀಕ್ಷಿಸಬೇಕು? ಅನ್ನುತ್ತಾನೆ. ಉತ್ತರವೇನಂದರೆ, ಈಗ ಕಲಿತದ್ದೇ ಮೂಳೆಯಲ್ಲಿ ಉಳಿಯುವದು. ಎರಡು ವರುಷದ ಮೇಲೆ ಅವನು ಚಕ್ರ ಮಡಚುವ ವಿಮಾನದಲ್ಲಿ, ಮಳೆಯಲ್ಲಿ, ಆಯಾಸದಲ್ಲಿ, ಹಿಂದೆ ಜನರನ್ನು ಕೂಡ್ರಿಸಿಕೊಂಡು ಬರುವಾಗ, ಆ ದಿವಸ ಹೊಸದಾಗಿ ಏನನ್ನೂ ಕಲಿಯಲಾರನು. ಬಾಯಿಗೆ ಅಭ್ಯಾಸವಾದದ್ದೇ ಬರುವದು.

ಆದರೆ ಇದರಲ್ಲಿಯೇ ಒಂದು ಗುಂಡಿ ಇದೆ ಎಂದು ನಾವು ಎಚ್ಚರಿಸುತ್ತೇವೆ, ಮತ್ತು ಒಳ್ಳೇ ಶಿಕ್ಷಕನಿಗೂ ಸಾಧಾರಣ ಶಿಕ್ಷಕನಿಗೂ ಇರುವ ಭೇದವು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಬಾಯಿಗೆ ಅಭ್ಯಾಸವಾದದ್ದು ಕಣ್ಣನ್ನು ಬಿಟ್ಟು ಓಡುತ್ತದೆ. "ಬ್ರೇಕು ಬಿಟ್ಟಿದೆ, ಚಕ್ರ ಕೆಳಗಿದೆ, ಪೆಟ್ರೋಲು ಸಾಕು" ಎಂದು ಶಿಷ್ಯನು ಗಿಳಿಯಂತೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ. ಅವನ ಕಣ್ಣು ಕಿಟಕಿಯ ಹೊರಗೆ ಎಲ್ಲಿಯೋ ಇದೆ. ಪೆಟ್ರೋಲಿನ ಮುಳ್ಳು ಏನು ತೋರಿಸಿತೆಂದು ಆ ಕ್ಷಣದಲ್ಲಿಯೇ ಕೇಳಿದರೆ ಅವನಿಗೆ ಗೊತ್ತಿಲ್ಲ. ನಮ್ಮ ಸಭೆಗಳಲ್ಲಿ ತುಟಿಯಿಂದ ಪ್ರಾರ್ಥನೆ ನಡೆಯುತ್ತಿರುವಾಗ ಮನಸ್ಸು ಮನೆಯ ಒಲೆಯ ಮೇಲಿರುವದನ್ನು ಬಲ್ಲ ನಾವು ಈ ಶಿಷ್ಯನನ್ನು ಹೆಚ್ಚಾಗಿ ಬೈಯಲಾರೆವು. ಆದರೂ ಹೇಳಿ ನೋಡದೆ ಇದ್ದ ಪರೀಕ್ಷೆಯು ಪರೀಕ್ಷೆಯೇ ಇಲ್ಲದ್ದಕ್ಕಿಂತ ಕೆಟ್ಟದ್ದು, ಯಾಕಂದರೆ ಪರೀಕ್ಷೆ ಮಾಡದವನಿಗೆ ಒಂದು ಸಂಶಯವಾದರೂ ಉಳಿಯುವದು; ಇವನಿಗೆ ಅದೂ ಉಳಿಯದು. ಆದದರಿಂದ ಶಿಷ್ಯನು ಬೆರಳಿಟ್ಟು ತೋರಿಸಬೇಕು, ಅಥವಾ ಮುಟ್ಟಬೇಕು, ಕಂಡದ್ದನ್ನು ಮಾತ್ರ ಹೇಳಬೇಕು. "ಪೆಟ್ರೋಲು ಸಾಕು" ಎಂದಲ್ಲ, "ಎಡದ ತೊಟ್ಟಿಯಲ್ಲಿ ಅರ್ಧ, ಬಲದಲ್ಲಿ ಅರ್ಧಕ್ಕೆ ಮೇಲೆ" ಎಂದು. ಚಕ್ರವು ರೆಕ್ಕೆಯ ಕೆಳಗೆ ಕಾಣುವಂಥ ವಿಮಾನವಾದರೆ ಕತ್ತನ್ನು ತಿರುಗಿಸಿ ಚಕ್ರವನ್ನು ನೋಡಬೇಕು. ಕೆಲವು ಶಿಕ್ಷಕರು ಬೇಕೆಂತಲೇ ಒಂದು ಹಿಡಿಯನ್ನು ಸ್ವಲ್ಪ ತಪ್ಪಾಗಿ ಇಟ್ಟು, ಶಿಷ್ಯನು ಕಂಡುಹಿಡಿಯುವನೋ ಎಂದು ಸುಮ್ಮಗೆ ಕೂತಿರುತ್ತಾರೆ. ಇದು ಮೋಸವಲ್ಲ, ಬಾಯಿಪಾಠದ ನಿದ್ರೆಯಿಂದ ಎಬ್ಬಿಸುವದಕ್ಕೆ ಒಳ್ಳೆಯ ಉಪಾಯ.

ತಪ್ಪೆಲ್ಲವೂ ಮರೆಗುಳಿಯ ಮೇಲೆಯೇ ಎಂದು ತಿಳಿಯುವದೂ ನ್ಯಾಯವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಮೇಲೆ ಹೇಳಿದ ಬಿ-17 ವಿಮಾನಗಳು ಕ್ಷೇಮವಾಗಿ ನೆಲಕ್ಕಿಳಿದ ತರುವಾಯ ತಮ್ಮ ಚಕ್ರಗಳನ್ನು ತಾವೇ ಮಡಚಿಕೊಂಡು ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ವೈಮಾನಿಕರ ಅಜಾಗ್ರತೆ ಎಂದು ಬರೆದಿಟ್ಟರು. ಅಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರದ ಪಂಡಿತನು ಹೋಗಿ ನೋಡಲಾಗಿ, ಚಕ್ರದ ಹಿಡಿಯೂ ಫ್ಲಾಪಿನ ಹಿಡಿಯೂ ಒಂದೇ ಆಕಾರದಲ್ಲಿ ಒಂದರ ಪಕ್ಕದಲ್ಲಿ ಒಂದಿದ್ದವು. ದಣಿದ ಮನುಷ್ಯನು ಫ್ಲಾಪನ್ನು ಎತ್ತಬೇಕೆಂದು ಚಕ್ರವನ್ನು ಎತ್ತಿಬಿಡುತ್ತಿದ್ದನು. ಚಪಾನಿಸನು ಚಕ್ರದ ಹಿಡಿಯ ತುದಿಗೆ ರಬ್ಬರಿನ ಚಿಕ್ಕ ಚಕ್ರವನ್ನೂ ಫ್ಲಾಪಿನ ಹಿಡಿಗೆ ಬೆಣೆಯಂಥ ತುಂಡನ್ನೂ ಅಂಟಿಸಿದನು. ಕತ್ತಲೆಯಲ್ಲಿಯೂ ಕೈಗೆ ಭೇದ ತಿಳಿಯಿತು, ಕುಸಿಯುವದು ನಿಂತಿತು. ಇಂದಿನ ವರೆಗೂ ವಿಮಾನಗಳಲ್ಲಿ ಚಕ್ರದ ಹಿಡಿಯ ತುದಿಯು ಚಕ್ರದ ಆಕಾರದಲ್ಲಿಯೇ ಇರುತ್ತದೆ. ಇದರಿಂದಲೇ ಶಿಷ್ಯರಿಗೆ ಇನ್ನೊಂದು ಕಟ್ಟಳೆ ಬಂತು: ಇಳಿದು ಓಡುತ್ತಿರುವಾಗ ಯಾವ ಹಿಡಿಗೂ ಕೈ ಹಾಕಬಾರದು, ಓಡುದಾರಿಯನ್ನು ಬಿಟ್ಟು ಹೊರಗೆ ಬಂದು, ವಿಮಾನ ನಿಂತ ಮೇಲೆ ನೋಡಿ ಮುಟ್ಟಬೇಕು.

ಪರೀಕ್ಷೆಯ ಮಧ್ಯದಲ್ಲಿ ಯಾರಾದರೂ ಮಾತಾಡಿಸಿದರೆ ಏನು ಮಾಡಬೇಕು? ಇದು ಸಣ್ಣ ಪ್ರಶ್ನೆಯಲ್ಲ. ಡೌನ್‌ವಿಂಡಿನಲ್ಲಿ ಇರುವಾಗಲೇ ನಿಲ್ದಾಣದವರು ರೇಡಿಯೋದಲ್ಲಿ ಕರೆಯುತ್ತಾರೆ. ಶಿಷ್ಯನು ಮೂರನೆಯದರಲ್ಲಿದ್ದನು, ಉತ್ತರ ಕೊಟ್ಟು ಬಂದಾಗ ಐದನೆಯದರಿಂದ ಆರಂಭಿಸುತ್ತಾನೆ, ನಾಲ್ಕನೆಯದು ಆಯಿತೆಂದು ಅವನಿಗೆ ನಿಶ್ಚಯವಿರುತ್ತದೆ. ಆದದರಿಂದ ತಡೆಬಂದ ಪರೀಕ್ಷೆಯನ್ನು ಬಿಟ್ಟ ಕಡೆಯಿಂದಲ್ಲ, ಮೊದಲಿನಿಂದಲೇ ಮಾಡಬೇಕೆಂದು ಕಲಿಸುತ್ತಾರೆ. ಮೊದಲು ವಿಮಾನವನ್ನು ನಡಿಸು, ಆ ಮೇಲೆ ದಾರಿಯನ್ನು ನೋಡು, ಕಡೆಗೆ ಮಾತಾಡು ಎಂಬದು ಈ ವಿದ್ಯೆಯವರ ಹಳೆಯ ಕ್ರಮ. ಕರೆದವರು ಸ್ವಲ್ಪ ಕಾಯಲಿ.

1972ನೇ ಇಸವಿ ಡಿಸೆಂಬರ್ 29ರ ರಾತ್ರಿ ಅಮೆರಿಕದ ಮಯಾಮಿ ಪಟ್ಟಣಕ್ಕೆ 176 ಜನರನ್ನು ಹೊತ್ತು ಬಂದ ಈಸ್ಟರ್ನ್ ಕಂಪೆನಿಯ ವಿಮಾನದಲ್ಲಿ ಮುಂದಿನ ಚಕ್ರದ ಹಸುರು ದೀಪ ಹತ್ತಲಿಲ್ಲ. ಚಕ್ರವು ಸರಿಯಾಗಿಯೇ ಇಳಿದಿತ್ತು; ಸುಟ್ಟುಹೋದದ್ದು ದೀಪದ ಬುಡ್ಡಿ ಮಾತ್ರ. ಅವರು 2000 ಅಡಿಗೆ ಏರಿ ಸುತ್ತುತ್ತಾ, ಮುಂದೆ ಕೂತವರೆಲ್ಲರೂ ಆ ದೀಪವನ್ನೇ ಹಿಡಕೊಂಡರು. ಆ ಹೊತ್ತಿಗೆ ಎತ್ತರವನ್ನು ಕಾಯುತ್ತಿದ್ದ ಯಂತ್ರದ ಹಿಡಿತವು ತಿಳಿಯದೆ ತಪ್ಪಿಹೋಗಿ ವಿಮಾನವು ಮೆಲ್ಲಗೆ ಇಳಿಯುತ್ತಾ ಇತ್ತು. ಒಬ್ಬನಾದರೂ ಎತ್ತರದ ಮುಳ್ಳನ್ನು ನೋಡಲಿಲ್ಲ. ಎವರ್‌ಗ್ಲೇಡ್ಸ್ ಎಂಬ ಜೌಗು ಭೂಮಿಯಲ್ಲಿ ಅದು ಬಿದ್ದು 101 ಜನರು ಸತ್ತರು. ಪರೀಕ್ಷೆಯು ಕ್ಷೇಮಕ್ಕಾಗಿ ಇದೆ. ಆದರೆ ಒಂದೇ ವಸ್ತುವಿನ ಮೇಲೆ ಎಲ್ಲರೂ ಬಿದ್ದರೆ ಅದೇ ಮರಣವಾಗಬಲ್ಲದು. ಇಂಥವುಗಳ ತರುವಾಯ 1981ರಲ್ಲಿ ಅಮೆರಿಕದ ಸರಕಾರವು, 10,000 ಅಡಿಗೆ ಕೆಳಗೆ ಏರಿಳಿಯುವಾಗ ವಿಮಾನ ನಡಿಸುವವರು ಕೆಲಸಕ್ಕೆ ಸಂಬಂಧವಿಲ್ಲದ ಯಾವ ಮಾತನ್ನೂ ಆಡಬಾರದೆಂದು ನಿಯಮ ಮಾಡಿತು.

ಆ ನಿಯಮದ ಅರ್ಥವನ್ನು 2020ನೇ ಇಸವಿ ಮೇ 22ರಂದು ಕರಾಚಿಯಲ್ಲಿ ಲೋಕವು ಮತ್ತೆ ಕಂಡಿತು. ಲಾಹೋರಿನಿಂದ ಬಂದ ಆ ವಿಮಾನವು ಬಹಳ ಎತ್ತರದಿಂದಲೂ ವೇಗದಿಂದಲೂ ಇಳಿಯುತ್ತಿತ್ತು. ನಿಲ್ದಾಣದವರು ಎತ್ತರವು ಹೆಚ್ಚಾಯಿತೆಂದು ಎಚ್ಚರಿಸಿದರು. ನಡಿಸುವವರಿಬ್ಬರೂ ಕೋವಿಡ್ ವ್ಯಾಧಿಯ ಮಾತಿನಲ್ಲಿ ಮುಳುಗಿದ್ದರೆಂದು ತನಿಖೆಯ ಮೊದಲನೆಯ ವರದಿಯು ಹೇಳುತ್ತದೆ; ಆ ದಿನಗಳಲ್ಲಿ ಯಾರ ಮನೆಯಲ್ಲಿ ಆ ಮಾತಿರಲಿಲ್ಲ? ಒಮ್ಮೆ ಇಳಿಸಿದ್ದ ಚಕ್ರಗಳನ್ನು ಮತ್ತೆ ಮಡಚಿದ್ದರು. ಗಂಟೆಗಳು ಬಡಿದವು, ದೀಪಗಳು ಮಿನುಗಿದವು. ಚಕ್ರವಿಲ್ಲದೆ ಯಂತ್ರಗಳು ನೆಲಕ್ಕೆ ಉಜ್ಜಿದ ಮೇಲೆ ತಿಳಿದು ಮತ್ತೆ ಏರಿದರು. ಉಜ್ಜಿಹೋದ ಯಂತ್ರಗಳೆರಡೂ ಆಕಾಶದಲ್ಲಿ ನಿಂತವು. ವಿಮಾನವು ಮನೆಗಳ ಮೇಲೆ ಬಿತ್ತು. ಒಳಗಿದ್ದ 99 ಜನರಲ್ಲಿ 97 ಮಂದಿ ಸತ್ತರು. ಕೆಳಗೆ ಮನೆಯಲ್ಲಿದ್ದ ಒಬ್ಬಳೂ ಸತ್ತಳು. ಹಬ್ಬಕ್ಕೆ ಮನೆಗೆ ಬರುತ್ತಿದ್ದ ಜನರು ಅವರು.

ಶಿಷ್ಯನಿಗೆ ಕಲಿಸುವ ಇನ್ನೊಂದು ಅಪಾಯವು ಫೈನಲಿಗೆ ತಿರುಗುವ ಕಡೆಯ ತಿರುವಿನಲ್ಲಿದೆ. ವಿಮಾನವನ್ನು ಎತ್ತುವದು ಯಂತ್ರವಲ್ಲ, ರೆಕ್ಕೆಯ ಮೇಲೆ ಸರಿಯಾಗಿ ಹರಿಯುವ ಗಾಳಿ. ಮೂಗನ್ನು ಅತಿಯಾಗಿ ಎತ್ತಿ ಎಳೆದರೆ ಗಾಳಿಯು ರೆಕ್ಕೆಯನ್ನು ಬಿಟ್ಟುಬಿಡುತ್ತದೆ; ಇದಕ್ಕೆ ಸ್ಟಾಲ್ ಅನ್ನುತ್ತಾರೆ. ಸಮವಾಗಿ ಹಾರುವಾಗ ಯಾವ ವೇಗದಲ್ಲಿ ಹೀಗಾಗುವದೋ, ಎತ್ತರವನ್ನು ಕಾಯುತ್ತಾ 30 ಡಿಗ್ರಿ ವಾಲಿ ತಿರುಗುವಾಗ ಅದಕ್ಕಿಂತ ನೂರಕ್ಕೆ 7ರಷ್ಟು, 60 ಡಿಗ್ರಿ ವಾಲಿದರೆ ನೂರಕ್ಕೆ 41ರಷ್ಟು ಹೆಚ್ಚಿನ ವೇಗದಲ್ಲಿಯೇ ಆಗುವದು. ಶಿಷ್ಯನು ತಡವಾಗಿ ತಿರುಗಿ ಓಡುದಾರಿಯ ಗೆರೆಯನ್ನು ದಾಟಿಹೋಗುತ್ತಾನೆ. ನಾಚಿಕೆಯಾಗುತ್ತದೆ. ಹೇಗಾದರೂ ಗೆರೆಗೆ ಸೇರಬೇಕೆಂದು ಹೆಚ್ಚಾಗಿ ವಾಲಿಸಿ, ಕಾಲಿನಿಂದ ಬಾಲವನ್ನು ಒತ್ತಿ, ಮೂಗನ್ನು ಎಳೆಯುತ್ತಾನೆ. ಆಗ ಒಂದು ರೆಕ್ಕೆಯು ಮೊದಲು ಸೋತು ವಿಮಾನವು ಬುಗುರಿಯಂತೆ ತಿರುಗಿ ಬೀಳುತ್ತದೆ. 3000 ಅಡಿಯಲ್ಲಿ ಇದನ್ನು ಸರಿಪಡಿಸಬಹುದು. ಆ ತಿರುವಿನಲ್ಲಿ ಇರುವದು 500 ಅಡಿ. ಗೆರೆಯನ್ನು ದಾಟಿದರೆ ದಾಟಲಿ. ಸುಮ್ಮಗೆ ಮೇಲಕ್ಕೆ ಹೋಗಿ ಇನ್ನೊಂದು ಸುತ್ತು ಬಾ ಎಂದು ಶಿಕ್ಷಕನು ಹೇಳುತ್ತಾನೆ.

ಹೀಗೆ ಇಳಿಯದೆ ಮೇಲಕ್ಕೆ ಹೋಗುವದಕ್ಕೆ ಗೋ-ಅರೌಂಡ್ ಎಂದು ಹೆಸರು. ಯಂತ್ರಕ್ಕೆ ಪೂರ್ಣ ಬಲ ಕೊಡುವದು, ಬಿಸಿಗಾಳಿಯನ್ನು ಮುಚ್ಚುವದು, ಮೂಗನ್ನು ಏರುವ ಮಟ್ಟಕ್ಕೆ ತರುವದು, ಫ್ಲಾಪುಗಳನ್ನು ಒಂದೇ ಸಾರಿ ಅಲ್ಲ, ಹಂತಹಂತವಾಗಿ ಎತ್ತುವದು. ಕೈಗೆ ಇದು ಕಷ್ಟವಲ್ಲ. ಮನಸ್ಸಿಗೆ ಕಷ್ಟ. ಇಳಿಯಬೇಕೆಂದು ಹೊರಟವನಿಗೆ ಇಳಿಯದೆ ಇರುವದು ಸೋಲಿನಂತೆ ಕಾಣುತ್ತದೆ. ನ್ಯೂಗಿನಿಯ ಮಲೆಗಳಲ್ಲಿ ಬೆಟ್ಟದ ಮೈಗೆ ಆತುಕೊಂಡಿರುವ ಓಡುದಾರಿಗಳುಂಟು. ಅಲ್ಲಿ ಒಂದು ಗುರುತಿನ ಆಚೆ ಹೋದ ಮೇಲೆ ತಿರುಗುವದಕ್ಕೆ ಸ್ಥಳವಿಲ್ಲದ ಕಾರಣ, ಗುರುತಿನ ಈಚೆಯೇ ನಿಶ್ಚಯಿಸಬೇಕು. ಬೇರೆ ಓಡುದಾರಿಗಳಲ್ಲಿ ಹೆಚ್ಚು ಕಡಿಮೆ ನೆಲ ಮುಟ್ಟುವ ತನಕ ಬಾಗಿಲು ತೆರೆದಿರುತ್ತದೆ. ತೆರೆದಿದ್ದರೂ ಹೊರಡುವವರು ಸ್ವಲ್ಪ ಮಂದಿ.

ಪ್ರಿಯರೇ, 2010ನೇ ಇಸವಿ ಮೇ 22ರ ಬೆಳಿಗ್ಗೆ ಮಂಗಳೂರಿನ ಬಜಪೆಯಲ್ಲಿ ಆದದ್ದನ್ನು ನಮ್ಮ ಕರಾವಳಿಯವರಿಗೆ ಯಾರೂ ನೆನಪು ಮಾಡಬೇಕಾಗಿಲ್ಲ. ಕರಾಚಿಯ ದುಃಖಕ್ಕೆ ಸರಿಯಾಗಿ ಹತ್ತು ವರುಷ ಮುಂಚೆ, ಅದೇ ತಾರೀಕು. ದುಬೈಯಿಂದ 166 ಜನರನ್ನು ಹೊತ್ತು ಬಂದ ವಿಮಾನವದು. ಬಜಪೆಯ ಓಡುದಾರಿಯು ಗುಡ್ಡದ ನೆತ್ತಿಯ ಮೇಲಿದೆ. ಅಂಚಿನ ಆಚೆ ಕಣಿವೆ. ಹಿರಿಯ ವೈಮಾನಿಕನು ದಾರಿಯಲ್ಲಿ ಬಹು ಹೊತ್ತು ನಿದ್ರಿಸಿದ್ದನೆಂದು ವಿಚಾರಣೆಯಲ್ಲಿ ಕಂಡುಬಂತು. ಗಾಢ ನಿದ್ರೆಯಿಂದ ಎದ್ದವನ ಬುದ್ಧಿಗೆ ಸ್ವಲ್ಪ ಹೊತ್ತು ಮಂಕು ಇರುತ್ತದೆ. ವಿಮಾನವು ಇರಬೇಕಾದದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಪಕ್ಕದಲ್ಲಿದ್ದ ಕಿರಿಯನಿಗೆ ಅದು ತಿಳಿಯಿತು. ಇಳಿಯುವದು ಬೇಡ, ಗೋ-ಅರೌಂಡ್ ಮಾಡೋಣವೆಂದು ಅವನು ಮೂರು ಸಾರಿ ಹೇಳಿದನು. ಹಿರಿಯನು ಇಳಿಸಿದನು. ಸುಮಾರು 8000 ಅಡಿ ಉದ್ದದ ಓಡುದಾರಿಯಲ್ಲಿ ಸುಮಾರು 5200 ಅಡಿ ಕಳೆದ ಮೇಲೆ ಚಕ್ರವು ನೆಲ ಮುಟ್ಟಿತು. ಉಳಿದ ನೆಲ ಸಾಲಲಿಲ್ಲ. 158 ಮಂದಿ ಸತ್ತರು, ಎಂಟು ಮಂದಿ ಹೊರಗೆ ಬಂದರು.

ಸತ್ತುಹೋದ ಆ ಇಬ್ಬರಲ್ಲಿ ಯಾರನ್ನೂ ತೀರ್ಪಿಗೆ ನಿಲ್ಲಿಸುವದಕ್ಕೆ ನಾವು ಈ ಮಾತನ್ನು ಎತ್ತಲಿಲ್ಲ. ಆದರೆ ಶಿಷ್ಯರಿಗೆ ಕಲಿಸುವವರು ಇದನ್ನು ಬಿಟ್ಟು ಮುಂದೆ ಹೋಗಲಾರರು. ಹಿರಿಯರ ಎದುರಿಗೆ ಮಾತೆತ್ತಬಾರದೆಂಬ ಬುದ್ಧಿಯು ನಮಗೆ ತೊಟ್ಟಿಲಿನಿಂದಲೇ ಬಂದದ್ದು; ಅದರಲ್ಲಿ ಒಳ್ಳೇದೂ ಉಂಟು. ಆದರೂ ಓಡುದಾರಿಯ ಎದುರಿಗೆ ಬಂದಾಗ ಆ ವಿನಯವು ಯಾರ ಕೆಲಸಕ್ಕೂ ಬಾರದು. ಆದದರಿಂದ ಈಗಿನ ಶಾಲೆಗಳಲ್ಲಿ ಇಬ್ಬರಲ್ಲಿ ಒಬ್ಬನು ಗೋ-ಅರೌಂಡ್ ಎಂದು ಕರೆದರೆ, ಕರೆದವನು ಕಿರಿಯನಾದರೂ ಸರಿಯೇ, ಇನ್ನೊಬ್ಬನು ಮೊದಲು ಮೇಲಕ್ಕೆ ಹೋಗಬೇಕು, ಕಾರಣವನ್ನು ಆ ಮೇಲೆ ಕೇಳಬೇಕು ಎಂದು ಕಲಿಸುತ್ತಾರೆ. ಹಿರಿಯನು ಕೇಳದಿದ್ದರೆ ಕಿರಿಯನು "ಹಿಡಿ ನನ್ನ ಕೈಯಲ್ಲಿ" ಎಂದು ಹೇಳಿ ತಾನೇ ತೆಗೆದುಕೊಳ್ಳುವದಕ್ಕೂ ಕಲಿತಿರಬೇಕು. ಈ ಧೈರ್ಯವು ದೊಡ್ಡ ವಿಮಾನದಲ್ಲಿ ಹುಟ್ಟುವದಿಲ್ಲ. ಎರಡು ಆಸನದ ಚಿಕ್ಕ ವಿಮಾನದಲ್ಲಿ ಹೆದರುತ್ತಾ ಹೆದರುತ್ತಾ ಶಿಷ್ಯನು "ಸಾರ್, ಇದು ಸರಿಯಾಗಲಿಲ್ಲ, ಮತ್ತೆ ಸುತ್ತು ಬರುತ್ತೇನೆ" ಎಂದು ಮೊದಲನೆಯ ಸಾರಿ ಹೇಳಿದಾಗ ಶಿಕ್ಷಕನ ಮುಖವು ಹೇಗಿತ್ತೋ, ಅದರಿಂದ ಹುಟ್ಟುತ್ತದೆ, ಇಲ್ಲವೆ ಸಾಯುತ್ತದೆ. ಪೆಟ್ರೋಲು ದಂಡ, ಸಮಯ ದಂಡ ಎಂದು ಗದರಿಸಿದ ಶಿಕ್ಷಕನು ಆ ಹೊತ್ತಿನಲ್ಲಿ ಏನು ಬಿತ್ತಿದನೆಂದು ಅವನಿಗೆ ತಿಳಿಯದು. ಚೆನ್ನಾಗಿ ಇಳಿಸಿದವನನ್ನು ಹೊಗಳುವದಕ್ಕೆ ಮುಂಚೆ, ಬಿಟ್ಟುಹೋದವನನ್ನು ಹೊಗಳುವ ಶಿಕ್ಷಕನನ್ನೇ ನಾವು ಮೆಚ್ಚುತ್ತೇವೆ.

ಕಲಿಸುವ ಕ್ರಮವೂ ಹಿಂದೆ ಹೀಗಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಯುವಕರು ವೈರಿಯನ್ನು ಕಾಣುವದಕ್ಕೆ ಮುಂಚೆ ಕಲಿಯುವಾಗಲೇ ಗುಂಪುಗುಂಪಾಗಿ ಸಾಯುತ್ತಿದ್ದರು. ಯಂತ್ರದ ಸದ್ದಿನಲ್ಲಿ ಶಿಕ್ಷಕನ ಮಾತು ಶಿಷ್ಯನಿಗೆ ಕೇಳುತ್ತಿರಲಿಲ್ಲ. ಅಪಾಯದ ಸ್ಥಿತಿಗಳನ್ನು ಅವನಿಗೆ ತೋರಿಸದೆ ತಪ್ಪಿಸಿ ಇಡುತ್ತಿದ್ದರು. 1917ರಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬವನು ಗೋಸ್‌ಪೋರ್ಟ್ ಎಂಬ ಊರಿನಲ್ಲಿ ಹೊಸ ಶಾಲೆಯನ್ನಿಟ್ಟು, ಶಿಕ್ಷಕನ ಬಾಯಿಂದ ಶಿಷ್ಯನ ಕಿವಿಗೆ ಒಂದು ಕೊಳವೆಯನ್ನು ಜೋಡಿಸಿದನು. ಅಪಾಯವನ್ನು ಮರೆಮಾಡದೆ ಶಿಷ್ಯನನ್ನು ಬೇಕೆಂತಲೇ ಅದರೊಳಗೆ ನಡಿಸಿ, ಅದರಿಂದ ಹೊರಗೆ ಬರುವದನ್ನೂ ಕಲಿಸಿದನು. ಇಂದಿಗೂ ಶಿಕ್ಷಣದ ಬುನಾದಿಯು ಅದೇ.

ಕಡೆಗೆ ಒಂದು ದಿವಸ ಶಿಕ್ಷಕನು ಓಡುದಾರಿಯ ಪಕ್ಕದಲ್ಲಿ ವಿಮಾನವನ್ನು ನಿಲ್ಲಿಸಿ, ಮುಂಚಿತವಾಗಿ ಏನನ್ನೂ ಹೇಳದೆ ಬಾಗಿಲನ್ನು ತೆಗೆದು ಇಳಿದುಬಿಡುತ್ತಾನೆ. "ಒಂದು ಸುತ್ತು ನೀನೇ ಹೋಗಿ ಬಾ" ಅನ್ನುತ್ತಾನೆ. ಹೋಗುವದಕ್ಕೆ ಮುಂಚೆ ಬರಿದಾದ ತನ್ನ ಆಸನದ ಪಟ್ಟಿಯನ್ನು ತಾನೇ ಬಿಗಿದು ಕಟ್ಟುತ್ತಾನೆ, ಸಡಿಲವಾಗಿದ್ದರೆ ಅದು ಹಾರುವಾಗ ಹಿಡಿಗಳಿಗೆ ಸಿಕ್ಕಿಕೊಳ್ಳುವದು. ಒಬ್ಬನ ಭಾರ ಇಳಿದದ್ದರಿಂದ ವಿಮಾನವು ಎಂದಿಗಿಂತ ಬೇಗ ನೆಲಬಿಡುತ್ತದೆ, ಇದನ್ನು ಮುಂಚೆಯೇ ತಿಳಿಸಿರುತ್ತಾರೆ. ಶಿಕ್ಷಕನು ಹುಲ್ಲಿನ ಮೇಲೆ ನಿಂತು ಕಣ್ಣಿಗೆ ಕೈಯನ್ನು ಅಡ್ಡವಿಟ್ಟು ನೋಡುತ್ತಾನೆ. ಅಲ್ಲಿಂದ ಅವನು ಏನನ್ನೂ ಸರಿಪಡಿಸಲಾರನು. ಮೇಲೆ, ಡೌನ್‌ವಿಂಡಿನಲ್ಲಿ, ಪಕ್ಕದ ಆಸನ ಬರಿದಾಗಿದೆ. ಕೇಳುವವರು ಯಾರೂ ಇಲ್ಲ. ಹತ್ತೊಂಬತ್ತೋ ಇಪ್ಪತ್ತೋ ವರುಷದ ಆ ಹುಡುಗನು ಅಥವಾ ಹುಡುಗಿಯು ಬೆರಳನ್ನು ಮುಂದಿಟ್ಟು ಒಂದೊಂದನ್ನೂ ಮುಟ್ಟುತ್ತಾ ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ: ಬ್ರೇಕು ಬಿಟ್ಟಿದೆ. ಚಕ್ರ ಕೆಳಗಿದೆ.